ಗುಂಟೆಯ ಚುಕ್ಕೆ, ಗಣಕದ ಚುಕ್ಕೆ

ತೆಂಗಿನಕಾಯಿ ಅಟ್ಟಕ್ಕೇರಿದರೆ ಕೊಬ್ಬರಿಯಾಗಿಯೇ ಕೆಳಗಿಳಿಯಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೆಯ ಮನೆಗಳಲ್ಲಿ ತಲೆಯೆತ್ತಿ ನೋಡಿದರೆ ಕಾಣುವುದು ಅದೇ ಅಟ್ಟ. ಸಿಪ್ಪೆ ಸುಲಿಯದ ಬಲಿತ ಕಾಯಿಗಳು ಅಲ್ಲಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಕುಳಿತಿರುತ್ತವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಾಡಿಸಿದರೆ ಗಡಗಡ ಸದ್ದು ಮಾಡುವ ಹೊತ್ತಿಗೆ ಉಂಡೆ ಕೊಬ್ಬರಿ ಸಿದ್ಧ. ಮಳೆ ನೋಡಿ, ನೀರು ಹಾಯಿಸಿ, ನುಸಿ ರೋಗ ಕಂಡು, ವರ್ಷಗಟ್ಟಲೆ ಕಾದವನಿಗೆ ಈ ಹನ್ನೊಂದು ತಿಂಗಳು ದೊಡ್ಡದಲ್ಲ.

ಆದರೆ ಚೀಲ ತುಂಬಿ ತಿಪಟೂರಿನ ಎ.ಪಿ.ಎಂ.ಸಿ. ಯಾರ್ಡಿಗೋ ಹುಳಿಯಾರಿನ ಮಾರುಕಟ್ಟೆಗೋ ತಂದ ಮೇಲೆ ಎಲ್ಲವೂ ಗಳಿಗೆಯ ಲೆಕ್ಕ. ತೂಕದ ಯಂತ್ರದ ಮೇಲೆ ಚೀಲ ಕೂರುತ್ತದೆ, ಕೆಂಪು ಅಂಕಿಗಳು ಮಿನುಗಿ ನಿಲ್ಲುತ್ತವೆ, ಗುಮಾಸ್ತ ಬರೆದುಕೊಳ್ಳುತ್ತಾನೆ. ಚುಕ್ಕೆಯ ಮುಂದೆ ಇದ್ದದ್ದನ್ನು ಬರೆದನೇ, ಬಿಟ್ಟನೇ, ಮೇಲಕ್ಕೆ ಸೇರಿಸಿದನೇ? ‘ರೌಂಡ್ ಫಿಗರ್ ಮಾಡಿಬಿಡೋಣ ಯಜಮಾನ್ರೆ’ ಎಂಬ ಒಂದು ಮಾತಿನಲ್ಲಿ ತೀರುವ ವಿಷಯವಿದು. ಯಾರ ಕಡೆಗೆ ರೌಂಡ್ ಎಂಬುದನ್ನು ಮಾತ್ರ ಆ ಮಾತು ಹೇಳುವುದಿಲ್ಲ.

ಈಚಿನ ವರ್ಷಗಳಲ್ಲಿ ಈ ಮಾತನ್ನು ಆಡುವವನು ಗುಮಾಸ್ತನೇ ಆಗಬೇಕಿಲ್ಲ. ಕೊಬ್ಬರಿ ಇ-ಟೆಂಡರಿನಲ್ಲಿ ಮಾರಾಟವಾಗುತ್ತದೆ, ಬೆಂಬಲ ಬೆಲೆಯ ಖರೀದಿಗೆ ಹೆಸರು ನೋಂದಾಯಿಸಬೇಕಾದರೆ ರೈತನ ಜಮೀನಿನ ವಿವರ ಕಂಪ್ಯೂಟರಿನಲ್ಲಿ ಇರಬೇಕು, ಮಂಡಿಯ ಲೆಕ್ಕವೂ ಕಂಪ್ಯೂಟರಿನದೇ. ಬಿಡಿಯನ್ನು ಮೇಲಕ್ಕೆ ಎತ್ತುವುದೋ ಕೆಳಕ್ಕೆ ಇಳಿಸುವುದೋ ಎಂಬುದನ್ನು ಎಲ್ಲೋ ಕುಳಿತ ಪ್ರೋಗ್ರಾಂ ಬರೆಯುವವನು ಒಂದು ಸಾಲಿನಲ್ಲಿ ತೀರ್ಮಾನಿಸಿರುತ್ತಾನೆ. ಆ ಸಾಲನ್ನು ಒಮ್ಮೆ ಬಿಡಿಸಿ ನೋಡುವುದು ಕೊಬ್ಬರಿ ಬೆಳೆಗಾರನಿಗೂ, ಪ್ರೋಗ್ರಾಂ ಬರೆಯುವ ಅವನ ಮಗನಿಗೂ ಪ್ರಯೋಜನದ ಸಂಗತಿ.

ಲಾಭದಿಂದ ಶುರುವಾಗುವ ಎಣಿಕೆ

ಬಿಡಿಯನ್ನು ಮೇಲಕ್ಕೆತ್ತುವುದು ನಮ್ಮವರಿಗೆ ಹೊಸದಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ರೂಢಿ ಹಳೆಯದು. ಕೊಂಡವನಿಗೆ ಮೇಲೊಂದಿಷ್ಟು ಹಾಕುವುದಕ್ಕೆ ‘ಕೊಸರು’ ಎಂಬ ಪದವೇ ಇದೆ. ಸೊಪ್ಪಿನವಳ ಹತ್ತಿರ ಕೊಸರು ಕೇಳದೆ ಕೊಂಡವರು ಕಡಿಮೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಅದಕ್ಕೂ ಮುನ್ನೂರು ವರ್ಷ ಹಿಂದೆ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳನ್ನು ವಿಸ್ತಾರವಾಗಿ ಹಿಡಿದಿದ್ದ. ಬಿಡಿ ಎನ್ನುವುದು ಈ ನಾಡಿಗೆ ಕಸವಾಗಿರಲಿಲ್ಲ.

ಸ್ವತಂತ್ರ ಭಾರತದಲ್ಲಿ ಇಡೀ ದೇಶವೇ ಒಂದೇ ದಿನ ಬಿಡಿಯ ಲೆಕ್ಕಕ್ಕೆ ಸಿಕ್ಕಿಬಿದ್ದದ್ದು 1957ರ ಏಪ್ರಿಲ್ 1ರಂದು. ಅಂದಿನಿಂದ ರೂಪಾಯಿಗೆ 16 ಆಣೆ ಹೋಗಿ 100 ನಯಾಪೈಸೆ ಬಂತು. ಒಂದು ಆಣೆ ಎಂದರೆ ಲೆಕ್ಕಕ್ಕೆ ಆರೂಕಾಲು ನಯಾಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರುವುದು? ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿಡುವುದು, ಅರ್ಧಕ್ಕಿಂತ ಹೆಚ್ಚಿದ್ದರೆ ಮೇಲಕ್ಕೆತ್ತುವುದು ಎಂದಾಯಿತು. ಆಣೆಗೆ ಆರು ನಯಾಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಈಗ ಜಾಣ ಗಿರಾಕಿ ಏನು ಮಾಡಬಹುದು? ನಾಲ್ಕಾಣೆಯ ಸಾಮಾನನ್ನು ಒಟ್ಟಿಗೆ ಕೊಂಡರೆ 25 ನಯಾಪೈಸೆ, ಆಣೆಗೊಂದರಂತೆ ನಾಲ್ಕು ಸಲ ಕೊಂಡರೆ 24. ಅಂಗಡಿಯವನು ಮೂರಾಣೆಯ ವಸ್ತುವನ್ನೇ ಹೆಚ್ಚು ಮಾರಿದರೆ ಲಾಭ ಅವನ ಕಡೆಗೆ.

ಬಿಡಿಬಿಡಿಯಾಗಿ ರೌಂಡ್ ಮಾಡಿ ಕೂಡಿಸುವುದು ಬೇರೆ, ಕೂಡಿಸಿ ರೌಂಡ್ ಮಾಡುವುದು ಬೇರೆ. ಅಂದಿನ ಈ ಪಾಠ ಇಂದಿನ ಕೊಬ್ಬರಿ ಚೀಲಕ್ಕೂ ಹಾಗೆಯೇ ಅನ್ವಯಿಸುತ್ತದೆ. ಮೂರು ಚೀಲ ಕ್ರಮವಾಗಿ 48.4, 52.3, 49.2 ಕಿಲೊ ತೂಗಿದವು ಎನ್ನಿ. ಒಟ್ಟು 149.9. ಕೂಡಿಸಿ ರೌಂಡ್ ಮಾಡಿದರೆ 150. ಒಂದೊಂದನ್ನೂ ಕೆಳಕ್ಕಿಳಿಸಿ ಕೂಡಿಸಿದರೆ 149. ಒಂದೊಂದನ್ನೂ ಮೇಲಕ್ಕೆತ್ತಿ ಕೂಡಿಸಿದರೆ 152. ಅದೇ ಕೊಬ್ಬರಿ, ಅದೇ ಯಂತ್ರ, ಮೂರು ಉತ್ತರ. ಕಿಲೊಗೆ 120 ರೂಪಾಯಿಯಂತೆ ಕನಿಷ್ಠ ಉತ್ತರಕ್ಕೂ ಗರಿಷ್ಠ ಉತ್ತರಕ್ಕೂ ನಡುವೆ 360 ರೂಪಾಯಿ.

ನೆಲವೂ ಸೂರೂ

ಗಣಿತದಲ್ಲಿ ಬಿಡಿಯನ್ನು ಕೆಳಕ್ಕಿಳಿಸುವ ಕ್ರಿಯೆಗೆ ‘ಫ್ಲೋರ್’, ಮೇಲಕ್ಕೆತ್ತುವ ಕ್ರಿಯೆಗೆ ‘ಸೀಲಿಂಗ್’ ಎಂಬ ಹೆಸರುಗಳಿವೆ. ಒಂದು ನೆಲ, ಇನ್ನೊಂದು ಸೂರು. 1962ರಲ್ಲಿ ಕೆನ್ನೆತ್ ಐವರ್ಸನ್ ಎಂಬ ಗಣಿತಜ್ಞ ತನ್ನ ಪುಸ್ತಕದಲ್ಲಿ ಈ ಹೆಸರುಗಳನ್ನು ಇಟ್ಟ. ತಿಪಟೂರಿನವರಾಗಿದ್ದರೆ ಎರಡನೆಯದಕ್ಕೆ ‘ಅಟ್ಟ’ ಎಂದೇ ಹೇಳಬಹುದಿತ್ತು. 7.95 ನೆಲಕ್ಕಿಳಿದರೆ 7, ಅಟ್ಟಕ್ಕೇರಿದರೆ 8. 7.01 ಕೂಡ ಅಟ್ಟಕ್ಕೇರಿದರೆ 8. ಅರ್ಧ ಇದೆಯೋ ಇಲ್ಲವೋ ಎಂಬ ವಿಚಾರಣೆ ಇಲ್ಲಿಲ್ಲ. ಚುಕ್ಕೆಯ ಮುಂದೆ ಒಂದು ಚೂರಿದ್ದರೂ ಸಾಕು, ಮೇಲಿನ ಪೂರ್ಣಾಂಕಕ್ಕೆ ಜಿಗಿತ.

ಯಾವಾಗ ಅಟ್ಟ, ಯಾವಾಗ ನೆಲ ಎಂಬುದನ್ನು ತೋಟದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೂವತ್ತು ಅಡಿಗೊಂದರಂತೆ ತೆಂಗು ಹಾಕಿದರೆ ಒಂದು ಗಿಡಕ್ಕೆ 900 ಚದರ ಅಡಿ. ಎಕರೆಗೆ 43,560 ಚದರ ಅಡಿ. ಭಾಗಿಸಿದರೆ 48.4 ಗಿಡ. 0.4 ಗಿಡ ನೆಡಲು ಬರುವುದಿಲ್ಲ, ಅದಕ್ಕಾಗಿ 49 ಗುಂಡಿ ತೋಡುವವರೂ ಇಲ್ಲ. ಇಲ್ಲಿ ನೆಲವೇ ಸರಿ. ಅದೇ 795 ಕಿಲೊ ಕೊಬ್ಬರಿಗೆ 50 ಕಿಲೊ ಹಿಡಿಯುವ ಚೀಲ ಎಷ್ಟು ಬೇಕು? ಭಾಗಿಸಿದರೆ 15.9. ಹದಿನೈದು ಚೀಲ ತಂದವನು ಉಳಿದ 45 ಕಿಲೊವನ್ನು ಪಂಚೆಯಲ್ಲಿ ಕಟ್ಟಿಕೊಂಡು ಹೋಗಬೇಕು. ಇಲ್ಲಿ ಅಟ್ಟವೇ ಸರಿ. ಚೀಲ, ಲಾರಿಯ ಟ್ರಿಪ್ಪು, ಕೂಲಿಯಾಳು ಇವುಗಳಿಗೆಲ್ಲ ಮೇಲಕ್ಕೆತ್ತುವ ಲೆಕ್ಕವೇ ನ್ಯಾಯ.

ತೊಂದರೆ ಶುರುವಾಗುವುದು ಈ ಚೀಲದ ಲೆಕ್ಕ ಹಣದ ಲೆಕ್ಕಕ್ಕೆ ನುಸುಳಿದಾಗ. ಹದಿನಾರು ಚೀಲ, ಚೀಲಕ್ಕೆ 50 ಎಂದು ಗುಣಿಸಿ 800 ಕಿಲೊಗೆ ಹಣ ಹಾಕಿದರೆ ಖರೀದಿಸಿದವನಿಗೆ ಮೋಸ. ಹದಿನೈದು ತುಂಬಿದ ಚೀಲ ಮಾತ್ರ ಲೆಕ್ಕ ಎಂದರೆ ಬೆಳೆದವನಿಗೆ ಮೋಸ. ಕಾನೂನುಗಳು ಹಣದ ವಿಷಯದಲ್ಲಿ ಹತ್ತಿರದ ಅಂಕಿಗೆ ಹೋಗುವ ಮಧ್ಯಮಾರ್ಗ ಹಿಡಿದದ್ದು ಇದಕ್ಕಾಗಿಯೇ ಇರಬೇಕು. ಜಿ.ಎಸ್.ಟಿ. ಕಾಯ್ದೆಯ 170ನೆಯ ಕಲಮಿನ ಪ್ರಕಾರ ತೆರಿಗೆಯಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆ ಇದ್ದರೆ ಸೊನ್ನೆ. 1961ರ ಆದಾಯ ತೆರಿಗೆ ಕಾಯ್ದೆ ಹತ್ತಿರದ ಹತ್ತು ರೂಪಾಯಿಗೆ ಹೋಯಿತು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಅಂಗಡಿಗಳಲ್ಲಿ ಚಿಲ್ಲರೆಗೆ ಬದಲು ಚಾಕೊಲೇಟು ಕೊಡುವ ಪದ್ಧತಿಯನ್ನು ಮಾತ್ರ ಯಾವ ಕಾಯ್ದೆಯೂ ಹೇಳಿಲ್ಲ.

ಬೆಂಗಳೂರಿನಲ್ಲೇ ಬೆಳೆದ ‘ಟ್ಯಾಲಿ’ ತಂತ್ರಾಂಶದಲ್ಲಿ ಬಿಲ್ಲಿನ ಬಿಡಿಗೆ ಮೂರು ದಾರಿ ಕೊಟ್ಟಿದ್ದಾರೆ: ಮೇಲಕ್ಕೆ, ಕೆಳಕ್ಕೆ, ಸಾಮಾನ್ಯ. ಮಂಡಿಯ ಗುಮಾಸ್ತ ಅದನ್ನು ಒಮ್ಮೆ ಆರಿಸಿಟ್ಟರೆ ಮುಂದೆ ಯಾರೂ ನೋಡುವುದಿಲ್ಲ. ವರ್ಷಾನುಗಟ್ಟಲೆ ಪ್ರತಿ ಬಿಲ್ಲೂ ಆ ಒಂದು ಆಯ್ಕೆಯ ಮೇಲೆಯೇ ನಡೆಯುತ್ತದೆ.

ಚೀಟಿ ಅಂಟಿಸಿದ ಮಾಹಿತಿ

ಯಾರ್ಡಿನಲ್ಲಿ ಸಾಲಾಗಿ ನಿಂತ ಚೀಲಗಳಿಗೆ ಚೀಟಿ ಇರುತ್ತದೆ: ಯಾರ ಕೊಬ್ಬರಿ, ಎಷ್ಟು ಚೀಲ, ಎಷ್ಟು ತೂಕ. ಚೀಟಿ ಇಲ್ಲದ ಚೀಲ ಯಾರದೂ ಅಲ್ಲ. ಕಂಪ್ಯೂಟರಿನಲ್ಲಿಯೂ ಇಂಥದೇ ಒಂದು ಏರ್ಪಾಡಿದೆ, ಅದರ ಹೆಸರು ಎಕ್ಸ್‌ಎಂಎಲ್. ಪ್ರತಿಯೊಂದು ಮಾಹಿತಿಯ ಹಿಂದೆ ಮುಂದೆ ಅದರ ಹೆಸರಿನ ಚೀಟಿ ಅಂಟಿಸಿ ಬರೆಯುವ ರೀತಿ ಅದು. ‘ತೂಕ’ ಎಂಬ ಚೀಟಿ, ನಡುವೆ 48.4, ಮತ್ತೆ ‘ತೂಕ ಮುಗಿಯಿತು’ ಎಂಬ ಚೀಟಿ. 1998ರ ಫೆಬ್ರವರಿಯಲ್ಲಿ ಇದರ ನಿಯಮಗಳು ಅಂತರರಾಷ್ಟ್ರೀಯ ಒಪ್ಪಿಗೆ ಪಡೆದವು. ಒಂದು ಕಚೇರಿಯ ಕಂಪ್ಯೂಟರಿನಿಂದ ಬೇರೆ ಜಾತಿಯ ಇನ್ನೊಂದು ಕಂಪ್ಯೂಟರಿಗೆ ಲೆಕ್ಕ ಸಾಗಿಸಲು ಇದು ಬಹಳ ಅನುಕೂಲ. ಟ್ಯಾಲಿಯೂ ಲೆಕ್ಕವನ್ನು ಈ ರೂಪದಲ್ಲಿ ಕೊಡಬಲ್ಲದು, ಪಡೆಯಬಲ್ಲದು. ಇಂಥ ಚೀಟಿಗಳ ರಾಶಿಯನ್ನು ಡೇಟಾಬೇಸಿನಲ್ಲಿ ತುಂಬಿಟ್ಟು, ‘ತುರುವೇಕೆರೆಯಿಂದ ಬಂದದ್ದನ್ನೆಲ್ಲ ಆರಿಸಿ ತೂಕ ಕೂಡಿಸು’ ಎಂದು ಕೇಳುವುದಕ್ಕೆ ಬೇರೆಯೇ ಪ್ರಶ್ನೆಯ ಭಾಷೆ ಇದೆ. 1999ರಲ್ಲಿ ಎಕ್ಸ್‌ಪಾತ್, 2007ರಲ್ಲಿ ಎಕ್ಸ್‌ಕ್ವೆರಿ ಬಂದವು. ಎರಡರಲ್ಲಿಯೂ ಫ್ಲೋರ್, ಸೀಲಿಂಗ್, ರೌಂಡ್ ಮೂರೂ ಸಿದ್ಧವಾಗಿಯೇ ಸಿಗುತ್ತವೆ. ಎರಡು ದಶಾಂಶಕ್ಕೆ ಮೇಲಕ್ಕೆತ್ತಬೇಕೆಂದರೆ ನೂರರಿಂದ ಗುಣಿಸಿ, ಸೀಲಿಂಗ್ ಹಾಕಿ, ಮತ್ತೆ ನೂರರಿಂದ ಭಾಗಿಸಿದರಾಯಿತು. ಕೇಳುವುದಕ್ಕೆ ಸುಲಭ.

ಸಿಕ್ಕು ಇರುವುದು ಚೀಟಿಯ ನಡುವಿನ ಬರಹದಲ್ಲಿ. ನಾವು 48.4 ಎಂದು ಓದುವಲ್ಲಿ ಕಂಪ್ಯೂಟರಿಗೆ ಮೊದಲು ಕಾಣುವುದು ನಾಲ್ಕು ಅಕ್ಷರಗಳು ಮಾತ್ರ. ‘ಇದು ಸಂಖ್ಯೆ’ ಎಂದು ಯಾರಾದರೂ ಹೇಳುವ ತನಕ ಅದು ಬರಹವೇ. ಬರಹವೆಂದು ಹೋಲಿಸಿದರೆ ನಿಘಂಟಿನ ಕ್ರಮದಲ್ಲಿ 9 ಎಂಬುದು 10ಕ್ಕಿಂತ ದೊಡ್ಡದು. ‘1,275’ ಎಂದು ಅಲ್ಪವಿರಾಮ ಹಾಕಿ ಬರೆದಿದ್ದರೆ ಅದು ಸಂಖ್ಯೆಯೇ ಅಲ್ಲ ಎಂದು ತಿರಸ್ಕಾರವಾಗುತ್ತದೆ. ಕನ್ನಡ ಅಂಕಿಗಳಲ್ಲಿ ಬರೆದಿದ್ದರೂ ಅದೇ ಗತಿ. ಚೀಟಿ ಇದ್ದು ನಡುವೆ ಏನೂ ಬರೆಯದಿದ್ದರೆ ಅದು ಸೊನ್ನೆಯಲ್ಲ, ‘ಗೊತ್ತಿಲ್ಲ’. ತೂಗದ ಚೀಲಕ್ಕೂ ಖಾಲಿ ಚೀಲಕ್ಕೂ ಇರುವ ವ್ಯತ್ಯಾಸವಿದು. ಎರಡನ್ನೂ ಒಂದೇ ಎಂದು ಬಗೆದ ಪ್ರೋಗ್ರಾಂ ಒಬ್ಬ ರೈತನ ಲೆಕ್ಕವನ್ನೇ ನುಂಗಬಲ್ಲದು.

ಇನ್ನೊಂದು ಸಿಕ್ಕು ಇನ್ನೂ ಸೂಕ್ಷ್ಮ. ಕಂಪ್ಯೂಟರು ಸಾಮಾನ್ಯವಾಗಿ ಬಿಡಿ ಸಂಖ್ಯೆಗಳನ್ನು ಎರಡರ ಮೂಲದಲ್ಲಿ ಇಟ್ಟುಕೊಳ್ಳುತ್ತದೆ. ಅರ್ಧ, ಕಾಲು, ಅರೆಕಾಲು ಅದಕ್ಕೆ ಸಲೀಸು. ಹತ್ತನೆಯ ಒಂದು ಭಾಗ ಮಾತ್ರ ಎಂದಿಗೂ ಸರಿಯಾಗಿ ಕೂರುವುದಿಲ್ಲ, ಮೂರರಲ್ಲಿ ಒಂದನ್ನು ನಾವು 0.333 ಎಂದು ಬರೆದು ಸುಸ್ತಾಗುವ ಹಾಗೆ. ವಿನೋದವೆಂದರೆ, ಆಣೆ ಕಾಸಿನ ಹಳೆಯ ಲೆಕ್ಕ ಕಂಪ್ಯೂಟರಿಗೆ ಹೇಳಿ ಮಾಡಿಸಿದಂತಿತ್ತು. ನಾವು ಅದನ್ನು ಬಿಟ್ಟು ದಶಮಾಂಶಕ್ಕೆ ಬಂದೆವು! ಇದರ ಫಲ ಹೀಗೆ: ಒಂದು ಕ್ವಿಂಟಲ್ ಹತ್ತು ಕಿಲೊ ಕೊಬ್ಬರಿ, ಅಂದರೆ 1.1 ಕ್ವಿಂಟಲ್. ಕಿಲೊಗೆ ತರಲು ನೂರರಿಂದ ಗುಣಿಸಿದರೆ ಕಂಪ್ಯೂಟರು ಕೊಡುವ ಉತ್ತರ 110.00000000000001. ಹದಿನಾಲ್ಕನೆಯ ದಶಾಂಶ ಸ್ಥಾನದಲ್ಲಿ ಕುಳಿತ ಆ ಒಂದು ಎಂಬ ಚೂರನ್ನು ಕಣ್ಣು ಕಾಣುವುದಿಲ್ಲ, ತೆರೆಯ ಮೇಲೆ 110 ಎಂದೇ ತೋರಿಸಬಹುದು. ಆದರೆ ಸೀಲಿಂಗ್ ಅದನ್ನು ಬಿಡುವುದಿಲ್ಲ. ಚೂರಿದ್ದರೆ ಮೇಲಕ್ಕೆ ಎಂಬುದೇ ಅದರ ಧರ್ಮ. ಉತ್ತರ 111. ಇಲ್ಲದ ಒಂದು ಕಿಲೊ ಕೊಬ್ಬರಿ ಹುಟ್ಟಿಕೊಂಡಿತು. ಏಳು ಪೈಸೆಯನ್ನು 0.07 ರೂಪಾಯಿ ಎಂದು ಬರೆದು ನೂರರಿಂದ ಗುಣಿಸಿ ಮೇಲಕ್ಕೆತ್ತಿದರೆ ಎಂಟು ಪೈಸೆಯಾಗುವುದೂ ಹೀಗೆಯೇ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಎಕ್ಸ್‌ಕ್ವೆರಿಯಲ್ಲಿ ‘ಡೆಸಿಮಲ್’ ಎಂಬ ಇನ್ನೊಂದು ಬಗೆಯ ಸಂಖ್ಯೆಯಿದೆ, ಅದು ಹತ್ತರ ಮೂಲದಲ್ಲೇ ಲೆಕ್ಕ ಹಾಕುತ್ತದೆ, 1.1 ಅದರಲ್ಲಿ 1.1 ಆಗಿಯೇ ಇರುತ್ತದೆ. ಆದರೆ ಬಗೆ ಹೇಳದೆ ಬಿಟ್ಟ ಬರಹವನ್ನು ಗುಣಿಸಲು ಹೊರಟಾಗ ಅದು ತಾನಾಗಿ ಎರಡರ ಮೂಲದ ‘ಡಬಲ್’ ಆಗುತ್ತದೆ. ಚೀಟಿಯಿಂದ ತೆಗೆದ ತೂಕವನ್ನು ಮೊದಲು ಡೆಸಿಮಲ್ ಎಂದು ಘೋಷಿಸಿ ಆಮೇಲೆ ಅಟ್ಟಕ್ಕೇರಿಸಬೇಕು. ಪ್ರೋಗ್ರಾಂ ಬರೆಯುವವರಲ್ಲಿ ಈ ಒಂದು ಪದ ಮರೆಯುವವರೇ ಹೆಚ್ಚು.

ಚೂರುಗಳ ಮಹಿಮೆಯನ್ನು ದೊಡ್ಡ ದೊಡ್ಡವರೂ ಕಂಡಿದ್ದಾರೆ. ಕೆನಡಾದ ವ್ಯಾಂಕೂವರ್ ಷೇರುಪೇಟೆಯವರು 1982ರ ಜನವರಿಯಲ್ಲಿ 1000 ಅಂಕದಿಂದ ಒಂದು ಸೂಚ್ಯಂಕ ಶುರುಮಾಡಿದರು. ಪ್ರತಿ ವಹಿವಾಟಿನ ನಂತರ ಲೆಕ್ಕ ಹಾಕಿ, ಮೂರು ದಶಾಂಶದ ಮುಂದಿನದ್ದನ್ನು ರೌಂಡ್ ಮಾಡದೆ ಕತ್ತರಿಸಿ ಬಿಸಾಡುತ್ತಿದ್ದರು. ದಿನಕ್ಕೆ ಸಾವಿರಾರು ಸಲ ಕತ್ತರಿ. 1983ರ ನವೆಂಬರಿನ ಹೊತ್ತಿಗೆ ಸೂಚ್ಯಂಕ 524ಕ್ಕೆ ಕುಸಿದಿತ್ತು, ಪೇಟೆ ಮಾತ್ರ ಚೆನ್ನಾಗಿಯೇ ಇತ್ತು. ತಪ್ಪು ತಿದ್ದಿದಾಗ ಬಂದದ್ದು 1098. ಇನ್ನು ಮೇಲಕ್ಕೆತ್ತಿದ ಕಥೆ ಬೇಕೆಂದರೆ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತದ 1992ರ ಚುನಾವಣೆ ಇದೆ. ಅಲ್ಲಿ ಶಾಸನಸಭೆಗೆ ಬರಲು ಶೇಕಡಾ 5 ಮತ ಬೇಕು. ಗ್ರೀನ್ ಪಕ್ಷಕ್ಕೆ ಸರಿಯಾಗಿ 5.0 ಬಂದಿದೆ ಎಂದು ಕಂಪ್ಯೂಟರಿನ ಪಟ್ಟಿ ಹೇಳಿತು. ನಿಜವಾಗಿ ಬಂದಿದ್ದದ್ದು 4.97. ಪಟ್ಟಿ ಮುದ್ರಿಸುವ ಪ್ರೋಗ್ರಾಂ ಒಂದೇ ದಶಾಂಶಕ್ಕೆ ರೌಂಡ್ ಮಾಡಿತ್ತು. ತಪ್ಪು ಬೆಳಕಿಗೆ ಬಂದಾಗ ಗ್ರೀನ್ ಪಕ್ಷ ಸಭೆಯ ಹೊರಗೆ, ಸೋಷಿಯಲ್ ಡೆಮಾಕ್ರಟರಿಗೆ ಒಂದು ಸ್ಥಾನದ ಬಹುಮತ.

1.13 ಅಂದರೆ ಎಷ್ಟು?

ವ್ಯಾಂಕೂವರಿನಿಂದ ನೊಣವಿನಕೆರೆಗೆ ಬರೋಣ. ಅಲ್ಲಿನ ರೈತನೊಬ್ಬನ ಪಹಣಿಯಲ್ಲಿ ವಿಸ್ತೀರ್ಣ 1.13 ಎಂದಿದೆ ಎಂದಿಟ್ಟುಕೊಳ್ಳಿ. ಈ ಸೀಮೆಯ ಯಾವ ಅಜ್ಜನನ್ನು ಕೇಳಿದರೂ ‘ಒಂದೆಕರೆ ಹದಿಮೂರು ಗುಂಟೆ’ ಎನ್ನುತ್ತಾನೆ. ಕಂಪ್ಯೂಟರನ್ನು ಕೇಳಿದರೆ ‘ಒಂದು ಎಕರೆ, ಇನ್ನೊಂದರ ನೂರರಲ್ಲಿ ಹದಿಮೂರು ಪಾಲು’ ಎನ್ನುತ್ತದೆ. ಎಕರೆಗೆ ನಲವತ್ತು ಗುಂಟೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಹೆಚ್ಚು ಕಡಿಮೆ ಒಂದು ತೆಂಗಿನಮರದ ಸಂಸಾರಕ್ಕೆ ಸಾಕಾಗುವಷ್ಟು ಜಾಗ. ಗುಂಟೆಗೆ ಹದಿನಾರು ಆಣೆ. ನಾಣ್ಯದಿಂದ ಆಣೆ ಹೋಗಿ ತಲೆಮಾರುಗಳಾದರೂ ಪಹಣಿಯಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ಪಹಣಿಯ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ, ಎಕರೆಯನ್ನು ಗುಂಟೆಯಿಂದ ಬೇರೆಮಾಡುವ ಬೇಲಿ.

ಇದು ಬರೀ ಪಂಡಿತರ ಚರ್ಚೆಯಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಲೆ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿತ್ತು, ಬೆಳೆಗಾರರು ಬೀದಿಗಿಳಿದರು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,000 ರೂಪಾಯಿ ನಿಗದಿಮಾಡಿತು. ರಾಜ್ಯ ಸರ್ಕಾರ ಅದರ ಮೇಲೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ನಾಫೆಡ್ ಮೂಲಕ ಖರೀದಿ. ರಾಜ್ಯಕ್ಕೆ ಮೊದಲಿಗೆ 62,500 ಟನ್ನಿನ ಮಿತಿ. ರೈತನಿಗೆ ಎಕರೆಗೆ ಆರು ಕ್ವಿಂಟಲಿನಂತೆ, ಹೆಚ್ಚೆಂದರೆ ಹದಿನೈದು ಕ್ವಿಂಟಲ್. ನೋಂದಣಿಗೆ ಬಂದ ಜನಸಂದಣಿ ನೋಡಿದವರು ಮರೆಯಲಾರರು. ಅಕ್ರಮದ ದೂರುಗಳು ಬಂದು ಮೊದಲ ನೋಂದಣಿಯನ್ನು ರದ್ದುಮಾಡಿ ಮತ್ತೊಮ್ಮೆ, ಬೆರಳಚ್ಚು ಪಡೆದು, ಮಾಡಬೇಕಾಯಿತು. ಆ ಗಲಾಟೆಯ ಕಾರಣಗಳು ಬೇರೆ, ಅವನ್ನು ಚುಕ್ಕೆಯ ತಲೆಗೆ ಕಟ್ಟುವಂತಿಲ್ಲ. ಆದರೆ ಎಕರೆಗೆ ಆರು ಕ್ವಿಂಟಲ್ ಎಂಬ ನಿಯಮವನ್ನು ಯಾವ ಕಂಪ್ಯೂಟರಿಗೆ ಹೇಳಿಕೊಡಬೇಕಾದರೂ ಈ ಚುಕ್ಕೆಯನ್ನು ದಾಟಿಯೇ ಹೋಗಬೇಕು.

ಆರು ಕ್ವಿಂಟಲ್ ಎಂದರೆ 600 ಕಿಲೊ, ನಲವತ್ತು ಗುಂಟೆಗೆ ಹಂಚಿದರೆ ಗುಂಟೆಗೆ ಸರಿಯಾಗಿ 15 ಕಿಲೊ. ಆಣೆಗೆ 937.5 ಗ್ರಾಂ. ಎಷ್ಟು ಅಚ್ಚುಕಟ್ಟಾಗಿ ಕೂತಿದೆ ನೋಡಿ, ಗುಂಟೆಯ ಲೆಕ್ಕದಲ್ಲಿ ಬಿಡಿಯೇ ಇಲ್ಲ. ನಮ್ಮ ರೈತನ 1 ಎಕರೆ 13 ಗುಂಟೆ ಎಂದರೆ 53 ಗುಂಟೆ, 53ಕ್ಕೆ ಹದಿನೈದರಂತೆ 795 ಕಿಲೊ. ಕಂಪ್ಯೂಟರು 1.13 ಅನ್ನು ದಶಮಾಂಶವೆಂದು ಓದಿ ಆರರಿಂದ ಗುಣಿಸಿದರೆ 6.78 ಕ್ವಿಂಟಲ್, ಅಂದರೆ 678 ಕಿಲೊ. ವ್ಯತ್ಯಾಸ 117 ಕಿಲೊ. ಬೆಂಬಲ ಬೆಲೆಯಲ್ಲಿ 14,040 ರೂಪಾಯಿ.

ಎರಡೂವರೆ ಎಕರೆಯವನ ಪಾಡು ಇನ್ನೂ ಕಷ್ಟ. ಪಹಣಿಯಲ್ಲಿ 2.20. ನೂರು ಗುಂಟೆ, 1,500 ಕಿಲೊ, ನಿಯಮದ ಗರಿಷ್ಠ ಮಿತಿಗೆ ಸರಿಯಾಗಿ ಮುಟ್ಟುವ ಹಿಡುವಳಿ. ದಶಮಾಂಶದ ಓದಿನಲ್ಲಿ 13.2 ಕ್ವಿಂಟಲ್. 180 ಕಿಲೊ ಖೋತಾ, 21,600 ರೂಪಾಯಿ. ತುರುವೇಕೆರೆಯ ಇನ್ನೊಬ್ಬನಿಗೆ 1.25ರ ಎರಡು ಸರ್ವೆ ನಂಬರುಗಳಿವೆ ಎನ್ನಿ. ಕಂಪ್ಯೂಟರು ಕೂಡಿಸಿ 2.50 ಎನ್ನುತ್ತದೆ. ಐವತ್ತು ಗುಂಟೆ ಎಂಬ ಬರವಣಿಗೆ ಯಾವ ಶ್ಯಾನುಭೋಗನ ಕಾಲದಲ್ಲೂ ಇರಲಿಲ್ಲ. 65 ಮತ್ತು 65 ಗುಂಟೆ ಕೂಡಿದರೆ 130, ಅಂದರೆ ಮೂರೆಕರೆ ಹತ್ತು ಗುಂಟೆ.

ತಪ್ಪು ಯಾವಾಗಲೂ ರೈತನ ವಿರುದ್ಧವೇ ಆಗಬೇಕೆಂದೇನಿಲ್ಲ. ಎರಡು ಎಕರೆ ಐದು ಗುಂಟೆಯನ್ನು 2.05 ಎನ್ನುವ ಬದಲು ಯಾರೋ 2.5 ಎಂದು ಟೈಪ್ ಮಾಡಿದರೆ ಎರಡೂವರೆ ಎಕರೆಯಾಗುತ್ತದೆ. ನ್ಯಾಯವಾಗಿ 1,275 ಕಿಲೊ ಸಿಗಬೇಕಾದಲ್ಲಿ 1,500 ಕಿಲೊ. ಒಂದು ಸೊನ್ನೆಗೆ 225 ಕಿಲೊ. ಇಲ್ಲಿಯೇ ಎಕ್ಸ್‌ಎಂಎಲ್‌ನ ಬರಹದ ಗುಣ ಉಪಕಾರಕ್ಕೂ ಬರುತ್ತದೆ, ಅಪಾಯಕ್ಕೂ ಬರುತ್ತದೆ. 1.10 ಎಂಬುದು ಬರಹವಾಗಿ ಇರುವ ತನಕ ಕೊನೆಯ ಸೊನ್ನೆ ಉಳಿಯುತ್ತದೆ, ಹತ್ತು ಗುಂಟೆ ಎಂದು ತಿಳಿಯುತ್ತದೆ. ಸಂಖ್ಯೆಯಾಗಿ ಬದಲಿಸಿದ ಕ್ಷಣ 1.10 ಮತ್ತು 1.1 ಎರಡೂ ಒಂದೇ. ಆ ಸೊನ್ನೆ ಮತ್ತೆ ಸಿಗುವುದಿಲ್ಲ. ಒಂದು ಗುಂಟೆಯೋ ಹತ್ತು ಗುಂಟೆಯೋ ಎಂದು ಆಮೇಲೆ ಕೇಳಿದರೆ ಕಂಪ್ಯೂಟರಿಗೂ ಗೊತ್ತಿರುವುದಿಲ್ಲ.

ಇಂಥ ಅಂಕಿಯ ಮೇಲೆ ಸೀಲಿಂಗ್ ಹಾಕಿ ಫಲವೇನು? ಕೆಲವರು ಹಾಗೆ ಮಾಡಿ ಸಮಾಧಾನಪಟ್ಟುಕೊಳ್ಳುವುದುಂಟು, ‘ಮೇಲಕ್ಕೆತ್ತಿದ್ದೇವಲ್ಲ, ರೈತನಿಗೆ ನಷ್ಟವಿಲ್ಲ’ ಎಂದು. 6.78 ಅಟ್ಟಕ್ಕೇರಿ 7 ಆಯಿತು, 700 ಕಿಲೊ. ಸಿಗಬೇಕಾದದ್ದು 795. ಉದಾರವಾಗಿ ಕಾಣುವ ರೌಂಡಿನ ಕೆಳಗೆ ತಪ್ಪು ಬೆಚ್ಚಗೆ ಮಲಗಿತು. ರೌಂಡ್ ಮಾಡಿದ ಅಂಕಿ ನೋಡಲು ಎಷ್ಟು ಪೂರ್ಣವಾಗಿ ಕಾಣುತ್ತದೆಂದರೆ ಅದನ್ನು ಯಾರೂ ಅನುಮಾನಿಸುವುದಿಲ್ಲ, 6.78 ಎಂದು ಬರೆದಿದ್ದರೆ ಒಬ್ಬನಾದರೂ ‘ಇದೆಲ್ಲಿಂದ ಬಂತು ಸ್ವಾಮಿ?’ ಎಂದು ಕೇಳುತ್ತಿದ್ದ.

ಸರಿಯಾಗಿ ಓದಿದ 7.95ನ್ನು ಮೇಲಕ್ಕೆತ್ತಿದರೆ? ಎಂಟು ಕ್ವಿಂಟಲ್. ರೈತನಿಗೆ ಐದು ಕಿಲೊ ಕೊಸರು. ಕೆಳಕ್ಕಿಳಿಸಿದರೆ ಏಳು ಕ್ವಿಂಟಲ್, 95 ಕಿಲೊ ನಷ್ಟ, 11,400 ರೂಪಾಯಿ. ಹಾಗಾದರೆ ಎಲ್ಲರಿಗೂ ಮೇಲಕ್ಕೆತ್ತಿಬಿಡೋಣ ಎಂದು ಮನಸ್ಸು ಹೇಳುತ್ತದೆ. ಆದರೆ ಒಟ್ಟು ಖರೀದಿಗೂ ಒಂದು ಮಿತಿ ಇರುವಾಗ ಕೊಸರು ಬಾನಿನಿಂದ ಬೀಳುವುದಿಲ್ಲ. ನಲವತ್ತು ಸಾವಿರ ರೈತರಿಗೆ ಸರಾಸರಿ 50 ಕಿಲೊ ಹೆಚ್ಚು ಬಿತ್ತೆಂದುಕೊಳ್ಳಿ, 20,000 ಕ್ವಿಂಟಲ್ ಆಯಿತು. ಹದಿನೈದು ಕ್ವಿಂಟಲಿನಂತೆ 1,333 ರೈತರ ಪಾಲು ಅದು. ‘ಮಿತಿ ಮುಗಿಯಿತು’ ಎಂದು ಬಾಗಿಲು ಹಾಕಿಸಿಕೊಂಡು ಹೊರಗೆ ನಿಲ್ಲುವ ಸರದಿಯ ಕೊನೆಯವರು ಅವರೇ. ತಕ್ಕಡಿಯ ಮುಂದೆ ಕೊಡುವ ಕೊಸರನ್ನು ವರ್ತಕ ತನ್ನ ಗಂಟಿನಿಂದ ಕೊಡುತ್ತಾನೆ. ಕಂಪ್ಯೂಟರು ಕೊಡುವ ಕೊಸರು ಯಾರ ಗಂಟಿನಿಂದ ಎಂಬುದು ಕೊಡುವವನಿಗೂ ತಿಳಿಯದು, ಪಡೆದವನಿಗೂ ತಿಳಿಯದು.

ಕಿಲೊ ಲೆಕ್ಕದಲ್ಲೇ ಬಿಟ್ಟರೆ ಈ ರಗಳೆಯೇ ಇಲ್ಲ. ಗುಂಟೆಗೆ 15 ಕಿಲೊ ಎಂಬುದು ಪೂರ್ಣಾಂಕ. ಗುಂಟೆಯನ್ನು ಪೂರ್ಣಾಂಕವಾಗಿಯೇ ಇಟ್ಟರೆ ಎರಡರ ಮೂಲವೂ ಬೇಡ, ಅಟ್ಟವೂ ಬೇಡ. ಆಣೆಯ ತನಕ ಹೋಗುವುದಾದರೆ ಗ್ರಾಮಿನಲ್ಲಿ ಲೆಕ್ಕ ಹಾಕಿ, ಎಲ್ಲ ಸರ್ವೆ ನಂಬರುಗಳನ್ನೂ ಕೂಡಿಸಿ, ಕೊನೆಗೊಮ್ಮೆ ಮಾತ್ರ ಕಿಲೊಗೆ ರೌಂಡ್ ಮಾಡಿದರೆ ಸಾಕು. ಚೀಟಿಯಲ್ಲಿ ‘ವಿಸ್ತೀರ್ಣ’ ಎಂದು ಒಂದೇ ಹೆಸರು ಕೊಟ್ಟು ನಡುವೆ 1.13 ಎಂದು ಬರೆಯುವ ಬದಲು, ‘ಎಕರೆ’ ಎಂದೊಂದು, ‘ಗುಂಟೆ’ ಎಂದೊಂದು, ‘ಆಣೆ’ ಎಂದೊಂದು ಚೀಟಿ ಮಾಡಿದರೆ ಚುಕ್ಕೆಯೇ ಇರುವುದಿಲ್ಲ. ಎಕ್ಸ್‌ಎಂಎಲ್ ಹುಟ್ಟಿದ್ದೇ ಹೀಗೆ ಒಂದೊಂದಕ್ಕೂ ಬೇರೆ ಚೀಟಿ ಅಂಟಿಸುವುದಕ್ಕಾಗಿ. ಅದರೊಳಗೆ ಮೂರು ಮಾಹಿತಿಯನ್ನು ಒಂದೇ ಚೀಲಕ್ಕೆ ತುಂಬಿ ಬಾಯಿ ಹೊಲಿಯುವುದು ನಮ್ಮ ಸೋಮಾರಿತನವಷ್ಟೆ.

2025ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 20,000 ರೂಪಾಯಿಯ ಗಡಿ ದಾಟಿತು. ಬೆಂಬಲ ಬೆಲೆಯ ಸರದಿಯಲ್ಲಿ ನಿಲ್ಲುವ ಅಗತ್ಯ ಆಗ ಯಾರಿಗೂ ಇರಲಿಲ್ಲ. ಪೇಟೆ ಏರಿದಾಗ ಬಿಡಿಯನ್ನು ಕೇಳುವವರು ಕಡಿಮೆ. ಅದೇ ಕಿಲೊ ಆಗ 200 ರೂಪಾಯಿಗೂ ಮಿಗಿಲಾಗಿರುತ್ತದೆ ಎಂಬುದು ಬೇರೆ ಮಾತು. ಬೆಲೆ ಇಳಿದ ವರ್ಷವೇ ನೋಂದಣಿಯ ಕಿಟಕಿ ತೆರೆಯುವುದು, ಆಗಲೇ ಪಹಣಿಯ ಚುಕ್ಕೆ ಮತ್ತೆ ಕಂಪ್ಯೂಟರಿನ ಮುಂದೆ ಬರುವುದು.

ನೊಣವಿನಕೆರೆಯ ನಮ್ಮ ರೈತನ ಲೆಕ್ಕ ಸರಿಯಾಗಿ ನಡೆದರೆ ಹೀಗಿರುತ್ತದೆ: 53 ಗುಂಟೆ, 795 ಕಿಲೊ, ಹದಿನಾರು ಚೀಲ. ಹದಿನೈದು ಚೀಲ ಬಾಯಿತನಕ ತುಂಬಿ ನಿಂತಿವೆ. ಹದಿನಾರನೆಯದು ಮಾತ್ರ ಸ್ವಲ್ಪ ಜೋಲು. ಹಮಾಲಿ ಅದನ್ನೂ ಉಳಿದವುಗಳ ಹಾಗೆಯೇ ಹೊಲಿದು ಸಾಲಿಗೆ ಸೇರಿಸುತ್ತಾನೆ, ಚೀಟಿಯಲ್ಲಿ 45 ಎಂದಿರುತ್ತದೆ.